ಕೈತಪ್ಪಿದ ಮೀನಿನ ಬಾಯಲ್ಲಿ ಉಳಿದ ದಾರ

ಮಾನ್ಯ ಸಂಪಾದಕರೆ,

ಹೋದ ಭಾನುವಾರದ ಪುರವಣಿಯಲ್ಲಿ ಓದುಗರೊಬ್ಬರು ನೀಲಗಿರಿಯ ಅವಲಾಂಚಿಯಲ್ಲಿ ಬಹಳ ವರ್ಷಗಳ ಹಿಂದೆ ತಮ್ಮ ಕೈತಪ್ಪಿದ ದೊಡ್ಡ ಟ್ರೌಟ್ ಮೀನಿನ ನೆನಪು ಬರೆದಿದ್ದಾರೆ. ಎರಡು ಸಲ ಓದಿದೆ. ಪರ್ಮಿಟ್ಟಿಗಾಗಿ ಊಟಿಯಲ್ಲಿ ಕಾದದ್ದು, ಬೆಳಗಿನ ಮಂಜಿನಲ್ಲಿ ಬೆರಳು ಮರಗಟ್ಟಿ ಗಾಳಕ್ಕೆ ಗಂಟು ಹಾಕಲಾಗದೆ ಒದ್ದಾಡಿದ್ದು, ರೀಲು ಒಮ್ಮೆಲೇ ಕಿರ್ರೆಂದು ಕೂಗಿದ್ದು, ಮೀನು ನೀರಿನಿಂದ ಮೇಲಕ್ಕೆ ಹಾರಿ ಮೈಯ ಕೆಂಪು ಪಟ್ಟಿ ತೋರಿಸಿದ್ದು, ಆಮೇಲೆ ದಾರ ಸಡಿಲಾಗಿ ಗಾಳಿಯಲ್ಲಿ ತೇಲಿದ್ದು ಎಲ್ಲವೂ ಕಣ್ಣಿಗೆ ಕಟ್ಟುವ ಹಾಗಿತ್ತು. ದಾರ ಸಡಿಲಾಗುವ ಆ ಗಳಿಗೆ ಎಂಥದ್ದೆಂದು ಅನುಭವಿಸಿದವರಿಗೇ ಗೊತ್ತು. ಎದೆಯೊಳಗಿನದೆಲ್ಲ ಜಾರಿ ಕಾಲಿಗೆ ಇಳಿದ ಹಾಗಾಗುತ್ತದೆ.

ಆದರೆ ಕೊನೆಯಲ್ಲಿ ಅವರು ಬರೆದ ಒಂದು ಮಾತು ನನ್ನನ್ನು ಆ ರಾತ್ರಿ ಮಲಗಲು ಬಿಡಲಿಲ್ಲ. 'ನನ್ನ ಗಾಳವನ್ನೇ ಮೂಗುತಿ ಮಾಡಿಕೊಂಡು ಅದು ಸುಖವಾಗಿ ಹೊರಟುಹೋಯಿತು' ಎಂದಿದ್ದಾರೆ. ಸುಖವಾಗಿ ಹೋಯಿತೆಂದು ಅವರಿಗೆ ಹೇಗೆ ತಿಳಿಯಿತು? ಅವರನ್ನು ನೋಯಿಸಲು ಈ ಪ್ರಶ್ನೆ ಕೇಳುತ್ತಿಲ್ಲ. ಗಾಳ ಹಿಡಿದವರೆಲ್ಲ ಹೀಗೇ ಹೇಳಿಕೊಂಡು ಸಮಾಧಾನ ಮಾಡಿಕೊಳ್ಳುತ್ತೇವೆ. 1984ರ ಬೇಸಗೆಯ ತನಕ ನಾನೂ ಅದನ್ನೇ ನಂಬಿದ್ದೆ.

ನಾನು ಮಳವಳ್ಳಿ ತಾಲ್ಲೂಕು ಹಲಗೂರು ಕಡೆಯವನು. ಶಿಂಷಾ ಪವರ್‌ಹೌಸಿನಲ್ಲಿ 1979ರಲ್ಲಿ ಹೆಲ್ಪರ್ ಆಗಿ ಸೇರಿ 2017ರಲ್ಲಿ ನಿವೃತ್ತನಾದೆ. ರಾತ್ರಿ ಪಾಳಿ ಮುಗಿಸಿ ಕ್ವಾರ್ಟರ್ಸಿಗೆ ಬಂದವನೇ ಒಂದು ಲೋಟ ಕಾಫಿ ಕುಡಿದು ಟಿವಿಎಸ್ ಫಿಫ್ಟಿ ಹತ್ತಿ ಮುತ್ತತ್ತಿ ಕಡೆ ಹೊರಟರೆ ಸಂಜೆಯ ತನಕ ಹೊಳೆಯಲ್ಲೇ ಇರುತ್ತಿದ್ದೆ. ಆಗ ಅಲ್ಲಿ ಅಭಯಾರಣ್ಯ ಆಗಿರಲಿಲ್ಲ. ಕಾವೇರಿ ವನ್ಯಜೀವಿ ಧಾಮ ಘೋಷಣೆಯಾದದ್ದು 1987ರಲ್ಲಿ. ನನಗೆ ಹೊಳೆಯನ್ನು ಓದಲು ಕಲಿಸಿದವರು ತೆಪ್ಪ ಹಾಕುತ್ತಿದ್ದ ಒಬ್ಬ ಮುದುಕರು. ನಾನು ಅವರನ್ನು ತೆಪ್ಪದಜ್ಜ ಎಂದೇ ಕರೆಯುತ್ತಿದ್ದೆ, ಅವರಿಗೆ ನಾನು 'ಮಗ'. ಎಲ್ಲಿ ಬಂಡೆಯ ಹಿಂದೆ ನೀರು ತಿರುಗಿ ನಿಲ್ಲುತ್ತದೆ, ಎಲ್ಲಿ ಹರಿವು ಇಳಿದು ಮಡು ಶುರುವಾಗುತ್ತದೆ, ಮೀನು ಯಾವ ಹೊತ್ತಿಗೆ ಮಡುವಿನ ತಲೆಗೆ ಬರುತ್ತದೆ ಎಲ್ಲವನ್ನೂ ಅವರು ಬೆರಳು ತೋರಿಸಿ ಹೇಳುತ್ತಿದ್ದರು. ಮೇವು ಮಾಡುವುದನ್ನು ಕಲಿಸಿದವರೂ ಅವರೇ. ರಾಗಿ ಹಿಟ್ಟನ್ನು ಗಟ್ಟಿಯಾಗಿ ನಾದಿ, ಉಂಡೆ ಕಟ್ಟಿ, ಕುದಿಯುವ ನೀರಿನಲ್ಲಿ ಬಿಟ್ಟು, ರಬ್ಬರಿನ ಹಾಗೆ ಬಿಗಿಯಾದ ಮೇಲೆ ತೆಗೆದು ಮತ್ತೆ ನಾದಬೇಕು. ನಿಂಬೆಹಣ್ಣಿನ ಗಾತ್ರ ಬಂದರೆ ಸಾಕು. ಮುದ್ದೆ ಉಣ್ಣುವ ನಾಡಿನಲ್ಲಿ ಮೀನೂ ಮುದ್ದೆಗೇ ಬರುತ್ತದೆ ಎಂದು ಅಜ್ಜ ಹೆಮ್ಮೆಯಿಂದ ಹೇಳುತ್ತಿದ್ದರು. ವಿಲಾಯಿತಿಯಿಂದ ಬಂದ ದೊರೆಗಳೂ ಕಾವೇರಿಗೆ ಬಂದ ಮೇಲೆ ರಾಗಿ ಉಂಡೆಯನ್ನೇ ಗಾಳಕ್ಕೆ ಹಚ್ಚಿದರು.

ಲೇಖಕರದ್ದು ಟ್ರೌಟು, ನನ್ನದು ಬಿಳಿಮೀನು. ಪುಸ್ತಕದ ಹೆಸರು ಮಹಶೀರ್. ಟ್ರೌಟು ನಮ್ಮ ಕಡೆಯದಲ್ಲ. ತಣ್ಣೀರು ಬೇಡುವ ಮೀನು ಅದು. ಮೈಮೇಲೆ ಕೆಂಪು ಪಟ್ಟಿಯಿರುವ ಜಾತಿಯ ಮೂಲ ಉತ್ತರ ಅಮೆರಿಕದ ಪಶ್ಚಿಮದ ಕಡೆ. ಇಂಗ್ಲಿಷರು ತಮ್ಮ ಶೋಕಿಗಾಗಿ ತರಿಸಿ, ಇಪ್ಪತ್ತನೇ ಶತಮಾನದ ಆರಂಭದಲ್ಲಿ ನೀಲಗಿರಿಯ ಹಳ್ಳಗಳಿಗೆ ಬಿಟ್ಟರು. ಬಿಳಿಮೀನು ಈ ಹೊಳೆಯಲ್ಲೇ ಹುಟ್ಟಿ ಬೆಳೆದದ್ದು. ಆದರೆ ಗಾಳ ಸಿಕ್ಕಿಸಿಕೊಂಡು ದಾರ ಎಳೆದುಕೊಂಡು ಓಡುವ ಮೀನಿನ ಪಾಡು ಎರಡು ಕಡೆಯೂ ಒಂದೇ ಆದ್ದರಿಂದ ನನ್ನ ಕಥೆ ಹೇಳುತ್ತಿದ್ದೇನೆ.

ಶಿವರಾತ್ರಿ ಕಳೆದು ಒಂದು ವಾರವಾಗಿತ್ತು. ನೀರು ಇಳಿದು ಬಂಡೆಗಳೆಲ್ಲ ಮೇಲೆದ್ದಿದ್ದವು. ನಾನು ಬೆಂಗಳೂರಿನಿಂದ ಹೊಸ ದಾರ ತರಿಸಿದ್ದೆ. ಡಬ್ಬಿಯ ಮೇಲೆ 20 ಪೌಂಡ್ ಎಂದು ಬರೆದಿತ್ತು, ಅಂದರೆ ಸುಮಾರು ಒಂಬತ್ತು ಕೆ.ಜಿ. ಎಳೆತ ತಡೆಯುವ ದಾರ. ಸಣ್ಣ ದಾರವಾದರೆ ದೂರ ಬೀಳುತ್ತದೆ, ತಿಳಿನೀರಿನಲ್ಲಿ ಮೀನಿನ ಕಣ್ಣಿಗೆ ಬೀಳುವುದಿಲ್ಲ, ಹೆಚ್ಚು ಕಚ್ಚುತ್ತವೆ ಎಂಬುದು ನನ್ನ ಲೆಕ್ಕ. ಅಜ್ಜ ದಾರವನ್ನು ಎರಡು ಬೆರಳ ನಡುವೆ ಹಿಡಿದು ಎಳೆದು ನೋಡಿ, "ಇದು ಕೋಳಿ ಕಾಲ್ ಕಟ್ಟಾಕ್ ಸರಿ ಕಣ್ ಮಗ, ಬಿಳಿಮೀನ್ಗೆ ಆಗಕಿಲ್ಲ" ಅಂದರು. ನನಗೆ ಆಗ 27 ವರ್ಷ. ಕೇಳಲಿಲ್ಲ.

ಮುತ್ತತ್ತಿಗೂ ಗಾಲಿಬೋರೆಗೂ ನಡುವಿನ ಒಂದು ಮಡು. ಹೆಸರು ಬರೆಯುವುದಿಲ್ಲ, ಬರೆದರೆ ಯಾರಾದರೂ ಗಾಳ ಹಿಡಿದು ಹೋದಾರು. ಮಧ್ಯಾಹ್ನ ಮೂರರ ಸುಮಾರಿಗೆ ಉಂಡೆಯನ್ನು ಹರಿವಿನ ಅಂಚಿಗೆ ಬಿಟ್ಟು ಕೂತಿದ್ದೆ. ಮೊದಲು ಸಣ್ಣ ಮೀನುಗಳ ಕೀಟಲೆ, ಟಕ್ ಟಕ್ ಎಂದು. ಅದೆಲ್ಲ ಒಮ್ಮೆಲೇ ನಿಂತುಹೋಯಿತು. ದೊಡ್ಡದು ಬಂದರೆ ಸಣ್ಣವು ಜಾಗ ಬಿಡುತ್ತವೆ ಎಂದು ಅಜ್ಜ ಹೇಳಿದ್ದು ನೆನಪಾಗಿ ಕೋಲನ್ನು ಬಿಗಿಯಾಗಿ ಹಿಡಿದೆ. ಹಿಡಿದದ್ದೇ ತಡ, ಬಸ್ಸಿಗೆ ಕಟ್ಟಿ ಎಳೆದ ಹಾಗಾಯಿತು. ರೀಲು ಕೂಗಿತು, ಹೆಬ್ಬೆರಳಿನ ಚರ್ಮ ಸುಲಿಯಿತು. ಮಡುವನ್ನು ದಾಟಿ, ಹರಿವಿಗೆ ಇಳಿದು, ಕೆಳಗಿನ ಬಂಡೆಗಳ ಕಡೆಗೆ ಓಡುತ್ತಲೇ ಇತ್ತು. ದಾರ ಮುಗಿಯುತ್ತ ಬಂದಾಗ ಅಜ್ಜ ನನ್ನನ್ನು ತೋಳು ಹಿಡಿದು ತೆಪ್ಪಕ್ಕೆ ಎಳೆದುಕೊಂಡರು. ಅದರ ಹಿಂದೆಯೇ ನಾವೂ ಹರಿವು ಇಳಿದೆವು.

ಒಂದೂವರೆ ಗಂಟೆ. ಒಂದು ಸಲ ಮಾತ್ರ ಅದು ಮೇಲೆ ಬಂತು. ನಾವು ಮಕ್ಕಳಾಗಿದ್ದಾಗ ಹಿಡಿಯುತ್ತಿದ್ದ ಬಿಳಿಮೀನುಗಳ ಹಾಗೆ ಇರಲಿಲ್ಲ. ತಲೆಯ ಹಿಂದೆ ಎತ್ತಿನ ಹಿಣಿಲಿನಂತೆ ಉಬ್ಬು, ಬಂಗಾರದ ಬಣ್ಣಕ್ಕೆ ತಿರುಗಿದ ಅಂಗೈಯಗಲದ ಹುರುಪೆಗಳು, ಕಾವಿ ಬಟ್ಟೆಯಂತೆ ಕೆಂಪಾದ ಬಾಲ. ಒಮ್ಮೆ ಹೊರಳಿ ಒಳಗೆ ಹೋಯಿತು. ಅಜ್ಜ ಹುಟ್ಟು ಬಿಟ್ಟು ಕೈಮುಗಿದರು. ಅದಾದ ಸ್ವಲ್ಪ ಹೊತ್ತಿಗೆ ಮೀನು ಒಂದು ಚಪ್ಪಟೆ ಬಂಡೆಯ ಕೆಳಗೆ ನುಗ್ಗಿ ನಿಂತಿತು. ದಾರ ಬಂಡೆಗೆ ಉಜ್ಜುವುದು ಕೋಲಿನ ಮೂಲಕ ಅಂಗೈಗೆ ತಿಳಿಯುತ್ತಿತ್ತು, ಗರಗಸ ಆಡಿಸಿದ ಹಾಗೆ. ಸಡಿಲ ಕೊಡು ಎಂದು ಅಜ್ಜ ಕೂಗುತ್ತಿದ್ದರು. ನಾನು ಎಳೆದೆ. ಹೋಯಿತು.

ಮರಳಿನ ಮೇಲೆ ಕೂತು ಅತ್ತೆ. ಸಂಕೋಚವಿಲ್ಲದೆ ಹೇಳುತ್ತೇನೆ, ಮದುವೆಯಾಗಿ ಒಂದು ಮಗುವಿದ್ದ ಗಂಡಸು ಹೊಳೆ ದಡದಲ್ಲಿ ಕೂತು ಬಿಕ್ಕಿದೆ. ಅತ್ತದ್ದು ಮೀನು ಹೋಯಿತೆಂದು. ಎಪ್ಪತ್ತು ಎಂಬತ್ತು ಗಜ ದಾರ ಅದರ ಹಿಂದೆ ಹೋಗಿದೆ ಎಂಬುದು ಆಗ ತಲೆಗೇ ಹೊಳೆಯಲಿಲ್ಲ. ಅಜ್ಜನಿಗೆ ಹೊಳೆದಿತ್ತು. ಅವರು ಆ ಸಂಜೆ ನನ್ನ ಜೊತೆ ಮಾತಾಡಲಿಲ್ಲ.

ನಾಲ್ಕನೇ ದಿನ ಅವರ ಮಗ ಸೈಕಲ್ಲಿನಲ್ಲಿ ಕ್ವಾರ್ಟರ್ಸಿಗೆ ಬಂದ. "ಅಪ್ಪ ಕರೀತಾವ್ರೆ, ಈಗ್ಲೇ ಬರ್ಬೇಕಂತೆ." ಹೋದೆ. ದಾರ ಕಡಿದ ಜಾಗದಿಂದ ಸುಮಾರು ಒಂದು ಮೈಲಿ ಕೆಳಗೆ, ದಡದ ಹೊಳೆಮತ್ತಿ ಮರದ ಬೇರುಗಳು ನೀರಿಗೆ ಇಳಿದ ಕಡೆ, ಮೊಳಕಾಲುದ್ದ ನೀರಿನಲ್ಲಿ ಆ ಮೀನು ಓರೆಯಾಗಿ ಮಲಗಿತ್ತು. ನನ್ನ ದಾರ ಬೇರಿಗೆ ಎರಡು ಸುತ್ತು, ಪಕ್ಕದ ಕಲ್ಲಿಗೆ ಒಂದು ಸುತ್ತು ಬಿದ್ದಿತ್ತು. ಉಳಿದ ತುದಿ ಮೀನಿನ ಕಿವಿರಿನ ಒಳಗಿಂದ ಹಾದು ಎದೆಯ ರೆಕ್ಕೆಯನ್ನು ಬಿಗಿದಿತ್ತು. ಆ ರೆಕ್ಕೆಯ ಬುಡದಲ್ಲಿ ಮಾಂಸ ಕೊಯ್ದು ಬೆಳ್ಳಗೆ ಕಾಣುತ್ತಿತ್ತು. ಹೊಟ್ಟೆಯ ಒಂದು ಕಡೆ ನೀರುನಾಯಿ ಬಾಯಿ ಹಾಕಿತ್ತು. ಕಿವಿರನ್ನು ಎತ್ತಿ ನೋಡಿದರೆ ಒಳಗೆ ಇನ್ನೂ ಕೆಂಪಗಿತ್ತು. ಸತ್ತು ಹೆಚ್ಚು ಹೊತ್ತಾಗಿರಲಿಲ್ಲ. ಅಂದರೆ ಮೂರು ದಿನದ ಮೇಲೂ ಅದು ಅಲ್ಲಿ ಜೀವ ಹಿಡಿದುಕೊಂಡಿತ್ತು. ನಾನು ಆ ಮೂರು ದಿನ ಪವರ್‌ಹೌಸಿನಲ್ಲಿ ಜೊತೆಯವರ ಮುಂದೆ, ಇಷ್ಟುದ್ದದ ಮೀನು ತಪ್ಪಿತು ಎಂದು ಕೈ ಅಗಲಿಸಿ ತೋರಿಸುತ್ತಿದ್ದೆ.

ತೂಕ ಹಾಕಲಿಲ್ಲ. ಅಜ್ಜ ಮೊಳ ಹಾಕಿ ಅಳೆದರು, ಮೂರು ಮೊಳ ದಾಟಿತು. ಊರಿನವರಿಗೆ ಹಂಚೋಣ ಎಂದೆ. "ಅಷ್ಟು ದಿನ ಉಸ್ರು ಹಿಡ್ಕಂಡ್ ಕಾಯ್ದದೆ, ಗಂಟ್ಲಲ್ಲಿ ಇಳೀತದಾ ನಿಂಗೆ?" ಅಂದರು. ಇಬ್ಬರೂ ಸೇರಿ ದಡದ ಮೇಲ್ಗಡೆ ಗುಂಡಿ ತೋಡಿ ಮುಚ್ಚಿದೆವು. ಗಾಳವನ್ನು ಬಿಡಿಸಿ ನನ್ನ ಕೈಗೆ ಇಟ್ಟು ಅವರು ಹೇಳಿದ ಮಾತು ಇದು: "ಗಾಳ ಬಾಯಲ್ ಇರೋ ಮೀನು ತಪ್ಪಿಸ್ಕತು ಅನ್ಬ್ಯಾಡ ಮಗ. ಅದು ಇನ್ನೂ ನಿನ್ ಕೈಲೇ ಅದೆ. ನೀನು ಬುಟ್ಟಿಲ್ಲ ಅದುನ್ನ."

ಆ ಗಾಳ ಒಂದು ನಶ್ಯದ ಡಬ್ಬಿಯಲ್ಲಿ ನನ್ನ ಹತ್ತಿರ ಇವತ್ತಿಗೂ ಇದೆ.

ಮುತ್ತತ್ತಿಗೆ ಆ ಹೆಸರು ಬಂದ ಕಥೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಸೀತಮ್ಮ ಹೊಳೆಯಲ್ಲಿ ಸ್ನಾನ ಮಾಡುವಾಗ ಮೂಗುತಿಯ ಮುತ್ತು ನೀರಿಗೆ ಬಿತ್ತಂತೆ. ಹನುಮಂತ ಬಾಲ ಇಳಿಬಿಟ್ಟು ಮಡುವನ್ನೆಲ್ಲ ಕಡೆದು ಅದನ್ನು ಎತ್ತಿ ಕೊಟ್ಟನಂತೆ. ಮುತ್ತೆತ್ತಿರಾಯನ ಗುಡಿ ಅದಕ್ಕೇ ಅಲ್ಲಿದೆ. ಟ್ರೌಟಿನ ಲೇಖಕರು ಮೂಗುತಿ ಎಂದು ಬರೆದದ್ದನ್ನು ಓದಿದ ಕೂಡಲೇ ನನಗೆ ಆ ಗುಡಿಯೂ ಆ ಬೇರೂ ಒಟ್ಟಿಗೇ ಕಣ್ಣ ಮುಂದೆ ಬಂದವು. ಹೊಳೆಗೆ ಬಿದ್ದ ಒಂದು ಮುತ್ತನ್ನು ಹುಡುಕಿ ತೆಗೆಯುವ ತನಕ ಬಿಡಲಿಲ್ಲ ಎಂದು ಪೂಜೆ ಮಾಡುವ ಜಾಗದಲ್ಲಿ ನಾನು ಎಂಬತ್ತು ಗಜ ದಾರ ಬಿಟ್ಟು ಮನೆಗೆ ಹೋಗಿ ಊಟ ಮಾಡಿದ್ದೆ.

ಗಾಳ ಹಾಕುವುದನ್ನು ಬಿಡಲಿಲ್ಲ. ಬಿಡಲಾಗಲಿಲ್ಲ. ಆದರೆ ಅಂದಿನಿಂದ ಒಂದು ನೂರು ಪುಟದ ನೋಟ್‌ಬುಕ್ ಇಟ್ಟೆ. ಹಿಡಿದ ಮೀನಿನ ಲೆಕ್ಕ ಅದರಲ್ಲಿಲ್ಲ. ತಪ್ಪಿದ ಮೀನಿನದು ಮಾತ್ರ: ದಿನಾಂಕ, ಜಾಗ, ದಾರ ಎಲ್ಲಿ ಕಡಿಯಿತು, ಏಕೆ ಕಡಿಯಿತು, ಎಷ್ಟು ದಾರ ಹೋಯಿತು. ಧಾಮವಾದ ಮೇಲೆ ಆ ಕಡೆಯ ಹೊಳೆಯಲ್ಲಿ ಗಾಳ ಹಾಕದೆ ನಮ್ಮೂರ ಸುತ್ತಿನ ಕೆರೆಗಳಿಗೇ ಬಂದೆ. ಅಲ್ಲಿ ಕಾಟ್ಲಾ, ರೋಹು, ಕೊರವ, ಬಾಳೆಮೀನು. ಆ ನೋಟ್‌ಬುಕ್ಕಿನಲ್ಲಿ 31 ಮೀನುಗಳಿವೆ. ವರ್ಷ ಕಳೆದಂತೆ ಒಂದು ದಿನಾಂಕಕ್ಕೂ ಮುಂದಿನದಕ್ಕೂ ಅಂತರ ಹೆಚ್ಚಾಗುತ್ತ ಹೋಗುತ್ತದೆ. ಬರೆಯುತ್ತ ಬರೆಯುತ್ತ ನನಗೆ ತಿಳಿದದ್ದು, ಮೀನಿನ ಶಕ್ತಿಗೆ ದಾರ ಕಡಿದದ್ದು ತೀರ ಕಡಿಮೆ. ಹೆಚ್ಚಿನವು ನನ್ನ ಗಂಟು ಬಿಚ್ಚಿ ಅಥವಾ ಗಂಟಿನ ಬಳಿಯೇ ಕಡಿದು ಹೋದವು. ನೈಲಾನ್ ದಾರವನ್ನು ಒಣಗಿರುವಾಗಲೇ ಜಗ್ಗಿ ಗಂಟು ಬಿಗಿದರೆ ಉಜ್ಜಿದ ಕಾವಿಗೇ ಅದು ಅಲ್ಲಿ ಸೊರಗುತ್ತದೆ. ಎಂಜಲು ಹಚ್ಚಿ ನಿಧಾನವಾಗಿ ಬಿಗಿಯಬೇಕು. ಕಲ್ಲಿಗೆ ಉಜ್ಜಿದ ದಾರವನ್ನು ಪ್ರತಿ ಸಲವೂ ಉಗುರಿನ ನಡುವೆ ಎಳೆದು ನೋಡಬೇಕು, ಎಲ್ಲಿ ತರಿತರಿ ಸಿಗುತ್ತದೋ ಅಲ್ಲಿಗೆ ಕತ್ತರಿಸಿ ಎಸೆಯದೆ ಜೇಬಿಗೆ ಹಾಕಿಕೊಂಡು ಹೊಸದಾಗಿ ಕಟ್ಟಬೇಕು. ಬಿಸಿಲಿನಲ್ಲಿ ಒಂದು ವರ್ಷ ಬಿದ್ದಿದ್ದ ದಾರ ನೋಡಲು ಹೊಸದರಂತೆಯೇ ಇರುತ್ತದೆ, ಎಳೆದರೆ ನೂಲಿನ ಹಾಗೆ ಕಡಿಯುತ್ತದೆ. ರೀಲಿನ ಬ್ರೇಕನ್ನು ದಾರದ ಬಲದ ಕಾಲು ಭಾಗ, ಹೆಚ್ಚೆಂದರೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬಿಗಿ ಮಾಡಬಾರದು. ಇವೆಲ್ಲ ಗೊತ್ತಿರುವವರಿಗೆ ಸಣ್ಣ ಮಾತು. ಗೊತ್ತಿಲ್ಲದವರು ಕಲಿಯುವ ತನಕ ಸಾಯುವುದು ಮೀನು.

ಇನ್ನೊಂದು ವಿಷಯ ಮೊದಲೇ ತಿಳಿದಿದ್ದರೆ ಆ ಮೀನು ಉಳಿಯುತ್ತಿತ್ತೇನೋ ಎಂದು ಈಗಲೂ ಅನಿಸುತ್ತದೆ. ಗಾಳದ ಮೊನೆಯ ಹಿಂದೆ ಒಂದು ಮುಳ್ಳು ಇರುತ್ತದಲ್ಲ, ಸಿಕ್ಕಿದ ಮೀನು ಜಾರದಿರಲೆಂದು. ಅದನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿಬಿಟ್ಟರೆ, ದಾರ ಕಡಿದುಹೋದರೂ ಮೀನು ನಾಲ್ಕು ಸಲ ತಲೆ ಕೊಡವಿದಾಗ ಗಾಳ ಬೀಳುವ ಸಂಭವ ಹೆಚ್ಚು. ದಾರವೂ ಗಾಳದ ಜೊತೆಗೇ ಕಳಚಿ ಬೀಳುತ್ತದೆ. ಅರ್ಧ ನಿಮಿಷದ ಕೆಲಸ. ಹಾಗೆ ಮಾಡಿದರೆ ಮೀನು ಹೆಚ್ಚು ತಪ್ಪುತ್ತವೆ ಎಂದು ಹುಡುಗರು ವಾದಿಸುತ್ತಾರೆ. ದಾರ ಬಿಗಿಯಾಗಿ ಹಿಡಿದವನಿಗೆ ಅಷ್ಟೇನೂ ತಪ್ಪುವುದಿಲ್ಲ. ತಪ್ಪಿದರೂ ಬರಿಬಾಯಲ್ಲಿ ಹೋಗುತ್ತದಲ್ಲ, ಆಗ ಬೇಕಾದರೆ ಸುಖವಾಗಿ ಹೋಯಿತೆಂದು ಬರೆಯಲಿ.

ನಮ್ಮ ದೊಡ್ಡ ಬಿಳಿಮೀನಿನ ಕಥೆಯನ್ನು ನಿಮ್ಮ ಓದುಗರಲ್ಲಿ ಬಹಳ ಜನ ಕೇಳಿರಲಿಕ್ಕಿಲ್ಲ. ಮೈಸೂರಿನಲ್ಲಿ ಹುಲಿ ಚಿರತೆಗಳ ಚರ್ಮ ತುಂಬುತ್ತಿದ್ದ ವ್ಯಾನ್ ಇಂಗೆನ್ ಮನೆತನದವರೊಬ್ಬರು 1946ರಲ್ಲಿ ಕಬಿನಿಯಲ್ಲಿ 120 ಪೌಂಡಿನ ಮಹಶೀರ್ ಹಿಡಿದರು. ಕೆ.ಜಿ. ಲೆಕ್ಕದಲ್ಲಿ 54ಕ್ಕೂ ಹೆಚ್ಚು. ಗಾಳಕ್ಕೆ ಸಿಕ್ಕ ಮಹಶೀರ್‌ಗಳಲ್ಲಿ ಅದೇ ದೊಡ್ಡದೆಂದು ಇವತ್ತಿಗೂ ಹೇಳುತ್ತಾರೆ. ನೂರು ವರ್ಷಕ್ಕೂ ಮೇಲೆ ದೇಶವಿದೇಶದವರು ಈ ಡುಬ್ಬದ ಮೀನಿನ ಹಿಂದೆ ಬಿದ್ದಿದ್ದರೂ ಅದು ಯಾವ ಜಾತಿಯದೆಂದು ವಿಜ್ಞಾನಿಗಳು ಖಚಿತವಾಗಿ ಹೇಳಿದ್ದು 2018ರಲ್ಲಿ. ಕೇರಳದ ಪಾಂಬಾರ್ ಹೊಳೆಯಲ್ಲಿ ಸಿಕ್ಕ ಮೀನಿಗೆ 2007ರಲ್ಲಿ ಕೊಟ್ಟಿದ್ದ ಟೋರ್ ರೆಮದೇವಿಯೈ ಎಂಬ ಹೆಸರೇ ಇದರದ್ದೂ ಎಂದು ಗೊತ್ತಾಯಿತು. ಪಾಂಬಾರಿನ ನೀರೂ ಕಡೆಗೆ ಬಂದು ಸೇರುವುದು ಕಾವೇರಿಯನ್ನೇ. ಹೆಸರು ಗೊತ್ತಾದ ವರ್ಷವೇ ಅದು ಅಳಿವಿನ ಅತಿ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು. ಕಾವೇರಿ ಕೊಳ್ಳ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಮೀನು.

ಧಾಮದೊಳಗೇ ಆಗ ನಡೆಯುತ್ತಿದ್ದ ಗಾಲಿಬೋರೆಯ ಗಾಳ ಶಿಬಿರದಲ್ಲಿ 1998ರಿಂದ 2012ರ ತನಕ ಹಿಡಿದು ವಾಪಸು ಬಿಟ್ಟ ಮೀನುಗಳ ಲೆಕ್ಕ ಬರೆದಿಟ್ಟಿದ್ದರು, ಆರು ಸಾವಿರಕ್ಕೂ ಹೆಚ್ಚು. ಡುಬ್ಬದ ಮೀನು ಕಮ್ಮಿಯಾಗುತ್ತ ಬಂದದ್ದು, ಹೊರಗಿನಿಂದ ಮರಿ ತಂದು ಬಿಟ್ಟಿದ್ದ ನೀಲಿ ರೆಕ್ಕೆಯ ಮಹಶೀರ್ ಹೆಚ್ಚಾದದ್ದು ಆ ಲೆಕ್ಕದಿಂದಲೇ ಹೊರಬಿತ್ತು. ಅಣೆಕಟ್ಟು, ಮರಳು ಗಣಿಗಾರಿಕೆ, ಸಿಡಿಮದ್ದು, ಹೊರಗಿನ ಮೀನು, ಇವೆಲ್ಲ ದೊಡ್ಡ ಕಾರಣಗಳು. ಗಾಳದವರ ದಾರವನ್ನು ಅವುಗಳ ಸಾಲಿಗೆ ತಂದು ನಿಲ್ಲಿಸುವಷ್ಟು ತಿಳಿಗೇಡಿ ನಾನಲ್ಲ. ಆದರೂ ಒಂದು ಮಾತು ಹೇಳಬೇಕು. ಹಿಡಿದು ಬಿಟ್ಟ ಮೀನಿಗೆ ಲೆಕ್ಕ ಇದೆ. ಕೈತಪ್ಪಿದ ಮೀನಿಗೆ ಲೆಕ್ಕವನ್ನು ಯಾರೂ ಇಡುವುದಿಲ್ಲ. ಅಷ್ಟು ದೊಡ್ಡದಾಗಿ ಬೆಳೆದದ್ದು ಸಾಮಾನ್ಯವಾಗಿ ಹೆಣ್ಣು. ಅದು ಆ ಗಾತ್ರಕ್ಕೆ ಬರಲು ಎಷ್ಟೋ ವರ್ಷ ಬೇಕು. ಕಮ್ಮಿಯಿರುವ ಕಡೆ ಅಂಥ ಒಂದು ಹೋದರೂ ದೊಡ್ಡ ನಷ್ಟವೇ, ಮತ್ತು ಅಂಥ ದೊಡ್ಡದೇ ನಮ್ಮ ದಾರ ಕಡಿದು ಹೋಗುವುದು. ಸಣ್ಣದು ಹೇಗೂ ದಡಕ್ಕೆ ಬರುತ್ತದೆ.

ಧಾಮದೊಳಗೆ ಈಗ ಗಾಳ ಹಾಕುವಂತಿಲ್ಲ. ಶಿಬಿರಗಳ ಕಾಲದಲ್ಲಿ ಹಿಂದೆ ಸಿಡಿಮದ್ದು ಎಸೆಯುತ್ತಿದ್ದ ಕೆಲವರೇ ಸಂಬಳಕ್ಕೆ ಸೇರಿ ಹೊಳೆ ಕಾಯುತ್ತಿದ್ದರು, ಅವರ ಕೆಲಸ ಹೋಯಿತು ಎಂಬ ನೋವು ನನಗಿದೆ. ಆ ಚರ್ಚೆ ಬೇರೆ, ಇಲ್ಲಿ ಎತ್ತುವುದಿಲ್ಲ. ನಾನು ಬರೆಯುತ್ತಿರುವುದು ಧಾಮದ ಹೊರಗಿನ ಕೆರೆ, ಹಿನ್ನೀರು, ನಾಲೆಗಳ ಬಗ್ಗೆ. ಐದಾರು ವರ್ಷಗಳಿಂದ ಗಾಳ ಹಾಕುವ ಹುಡುಗರು ಬಹಳ ಹೆಚ್ಚಿದ್ದಾರೆ. ಭಾನುವಾರ ನಮ್ಮ ಕೆರೆ ಏರಿಯ ಮೇಲೆ ಬೈಕುಗಳ ಸಾಲು ನಿಂತಿರುತ್ತದೆ. ನನಗೆ ಇದು ಇಷ್ಟವೇ. ಹೆಂಡದಂಗಡಿ ಮುಂದೆ ನಿಲ್ಲುವುದಕ್ಕಿಂತ ನೀರಿನ ಮುಂದೆ ಕೂತು ಕಾಯುವುದು ಕಲಿತರೆ ಒಳ್ಳೆಯದು. ಆದರೆ ಅವರ ಕೈಯಲ್ಲಿರುವ ಸಾಮಾನು ನೋಡಿದರೆ ಹೊಟ್ಟೆ ಕಿವುಚುತ್ತದೆ. ಎರಡು ಮೂರು ನೂರು ರೂಪಾಯಿಗೆ ಕೋಲು, ರೀಲು, ದಾರ, ಗಾಳ ಎಲ್ಲ ಸೇರಿದ ಒಂದು ಚೀಲ. ದಾರದ ಮೇಲೆ ಬರೆದಿರುವ ಕೆ.ಜಿ. ನಂಬುವ ಹಾಗಿಲ್ಲ. ಹೋದ ವರ್ಷ ಮೊಮ್ಮಗ ತಂದಿದ್ದ ಒಂದು ದಾರಕ್ಕೆ 15 ಕೆ.ಜಿ. ಎಂದು ಬರೆದಿತ್ತು. ಅಂಗಳದ ಹೊಂಗೆ ಕೊಂಬೆಗೆ ಕಟ್ಟಿ ಬಕೆಟ್ಟಿಗೆ ನೀರು ತುಂಬುತ್ತ ಹೋದೆವು. ಆರನೇ ಲೀಟರಿಗೆ ಕಡಿಯಿತು. ಆ ದಾರಕ್ಕೆ ಮೂರು ಮೂರು ಮೊನೆಯ ಗಾಳ ಕಟ್ಟಿಕೊಂಡು ಹುಡುಗರು ಎಂಟು ಹತ್ತು ಕೆ.ಜಿ.ಯ ಕಾಟ್ಲಾಕ್ಕೆ ಕೂತಿರುತ್ತಾರೆ. ಕಡಿಯಿತು, ಹೋಯಿತು, 'ಏನ್ ಸೈಜ್ ಗುರು' ಎಂದು ನಗುತ್ತಾರೆ, ಇನ್ನೊಂದು ಕಟ್ಟುತ್ತಾರೆ. ಅಂಗಡಿಯವರು ಇದೇ ರೀತಿ ಬಕೆಟ್ಟಿಗೆ ಕಟ್ಟಿ ತೋರಿಸಿ ದಾರ ಮಾರಲಿ ಎಂದು ನನ್ನ ವಿನಂತಿ.

ಕೊಕ್ಕರೆ ಬೆಳ್ಳೂರು ನಮಗೆ ಬಹಳ ದೂರವೇನಲ್ಲ. ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ನಮ್ಮ ಕಡೆಯ ಕೆರೆಗಳಿಗೆ ಮೇಯಲು ಬರುತ್ತವೆ. ಎರಡು ವರ್ಷದ ಹಿಂದೆ ತೂಬಿನ ಹತ್ತಿರ ಒಂದು ನೀರುಕಾಗೆ ಜಾಲಿ ಗಿಡದಲ್ಲಿ ತಲೆಕೆಳಗಾಗಿ ನೇತಾಡುತ್ತಿತ್ತು. ಬಾಯಲ್ಲಿ ಗಾಳ ಕಚ್ಚಿ ಸತ್ತಿದ್ದ ಗೆಂಡೆಯನ್ನು ನುಂಗಲು ಹೋಗಿ, ಅದರ ಬಾಯಿಂದ ಇಳಿಬಿದ್ದಿದ್ದ ದಾರ ಕಾಲಿಗೆ ಸುತ್ತಿಕೊಂಡಿತ್ತು. ಒಂದು ಕೈತಪ್ಪಿದ ಮೀನು, ಅದರಿಂದ ಒಂದು ಹಕ್ಕಿ. ಹತ್ತಿಯ ದಾರವಾದರೆ ಮಳೆಗಾಲಕ್ಕೆ ಕೊಳೆತು ಹೋಗುತ್ತಿತ್ತು. ನೈಲಾನ್ ನಾವು ಸತ್ತ ಮೇಲೂ ಅಲ್ಲೇ ಇರುತ್ತದೆ.

ಸಂಪಾದಕರೆ, ನಿಮ್ಮಲ್ಲೂ ಒಂದು ಕೋರಿಕೆ ಇದೆ. ಮೊದಲ ಮಳೆಗೆ ಹೊಳೆ ತುಂಬಿದಾಗ ಪತ್ರಿಕೆಗಳಲ್ಲಿ 'ಭಾರಿ ಗಾತ್ರದ ಮೀನು ಬಲೆಗೆ' ಎಂಬ ಶೀರ್ಷಿಕೆಯ ಚಿತ್ರ ಬರುತ್ತದೆ. ಇಬ್ಬರು ಕಿವಿರಿಗೆ ಕೈ ಹಾಕಿ ಎತ್ತಿ ಹಿಡಿದಿರುತ್ತಾರೆ. ಎಷ್ಟು ಕೆ.ಜಿ., ಎಷ್ಟಕ್ಕೆ ಮಾರಾಟವಾಯಿತು ಎಂದಿರುತ್ತದೆ. ಮೀನಿನ ಹೆಸರು ಇರುವುದೇ ಇಲ್ಲ. ದಯವಿಟ್ಟು ಹೆಸರು ಹಾಕಿ. ಬಿಳಿಮೀನಾಗಿದ್ದರೆ ಅದು ಎಷ್ಟು ಅಪರೂಪದ್ದೆಂದು ಒಂದು ಸಾಲು ಬರೆಯಿರಿ. ಅದು ಮೊಟ್ಟೆ ಇಡಲು ಹೊಳೆ ಏರುವ ಕಾಲ ಎಂದು ಇನ್ನೊಂದು ಸಾಲು. ಕೈತಪ್ಪಿದ ಮೀನಿನ ನೆನಪನ್ನು ಯಾರಾದರೂ ಬರೆದು ಕಳಿಸಿದರೆ ಪ್ರಕಟಿಸುವ ಮೊದಲು, ದಾರ ಎಷ್ಟು ಹೋಯಿತು ಎಂದು ಅವರನ್ನೊಮ್ಮೆ ಕೇಳಿ.

ನನ್ನ ಅಜ್ಜಿ ನನ್ನನ್ನು ಆರೇಳು ವರ್ಷದವನಿದ್ದಾಗ ರಾಮನಾಥಪುರಕ್ಕೆ ಕರೆದುಕೊಂಡು ಹೋಗಿದ್ದರು. ಅಲ್ಲಿ ಕಾವೇರಿಯ ಮೆಟ್ಟಿಲ ಬುಡದಲ್ಲಿ ದೇವರ ಮೀನುಗಳು ಇದೇ ಬಿಳಿಮೀನಿನ ಕುಲದವು. ಕಡ್ಲೆಪುರಿ ಎಸೆದರೆ ಒಂದರ ಮೇಲೊಂದು ಬಿದ್ದು ಬರುತ್ತಿದ್ದವು, ಯಾರೂ ಹಿಡಿಯುವಂತಿರಲಿಲ್ಲ. ನೇತ್ರಾವತಿ ಕಡೆಯ ಶಿಶಿಲದಲ್ಲಿ, ಶೃಂಗೇರಿಯ ತುಂಗೆಯಲ್ಲಿ ಈಗಲೂ ಹಾಗೆಯೇ. ಶಿಶಿಲದಲ್ಲಿ 1996ರಲ್ಲಿ ಯಾರೋ ವಿಷ ಹಾಕಿ ಮೀನುಗಳನ್ನು ಕೊಂದಾಗ ಊರಿನವರು ಸತ್ತ ಮೀನುಗಳಿಗೆ ಸ್ಮಾರಕವನ್ನೇ ಕಟ್ಟಿಸಿದರು. ಗಾಳ ಹಾಕುವವನಾಗಿ ಆ ಸ್ಮಾರಕದ ಮುಂದೆ ನಿಂತಾಗ ನನಗೆ ಹೊಳೆಮತ್ತಿಯ ಬುಡದ ಗುಂಡಿ ನೆನಪಾಯಿತು. ಆ ಮರವೂ ಆಮೇಲೆ ಒಂದು ಪ್ರವಾಹದಲ್ಲಿ ಹೋಯಿತು. ತೆಪ್ಪದಜ್ಜ ಅದಕ್ಕೂ ಮೊದಲೇ ಹೋಗಿದ್ದರು.

ಟ್ರೌಟಿನ ಲೇಖಕರಿಗೆ ಈ ಪತ್ರ ತಲುಪಲಿ. ಅವರು ಒಳ್ಳೆಯ ಬೇಟೆಗಾರರು, ಅದು ಬರಹದಿಂದಲೇ ತಿಳಿಯುತ್ತದೆ. ಪ್ರತಿ ವರ್ಷ ಯುಗಾದಿ ಕಳೆದು ಕೆರೆ ಇಳಿದ ಮೇಲೆ ನಾನೂ ಮೊಮ್ಮಗನೂ ಏರಿಯ ಒಳಮೈ, ತೂಬಿನ ಕಲ್ಲುಸಂದಿ, ಜಾಲಿಯ ಬುಡ ಎಲ್ಲ ತಿರುಗಿ ದಾರ ಆರಿಸುತ್ತೇವೆ. ತುದಿಗೆ ಕೊಕ್ಕೆಯಿರುವ ಒಂದು ಬಿದಿರು ಕೋಲು, ಒಂದು ಇಕ್ಕಳ, ಒಂದು ಗೊಬ್ಬರದ ಚೀಲ ಸಾಕು. ಹೋದ ಸಲ ಚೀಲ ಅರ್ಧ ತುಂಬಿತು, ಗಾಳಗಳು ಒಂದು ಹಾರ್ಲಿಕ್ಸ್ ಬಾಟಲಿ ಆದವು. ಈ ಸಲ ಅವರೂ ಬರಲಿ. ಬೆಳಿಗ್ಗೆ ಆರಕ್ಕೆ ಶುರು ಮಾಡಿದರೆ ಬಿಸಿಲೇರುವ ಹೊತ್ತಿಗೆ ಮುಗಿಯುತ್ತದೆ, ಊಟ ನಮ್ಮ ಮನೆಯಲ್ಲಿ. ಎರಡನೇ ಬಿದಿರು ಕೋಲು ಆಗಲೇ ಸವರಿ ಇಟ್ಟಿದ್ದೇನೆ.

ಇಂತಿ,
ನಿವೃತ್ತ ಪವರ್‌ಹೌಸ್ ನೌಕರ,
ಹಲಗೂರು ಹೋಬಳಿ, ಮಳವಳ್ಳಿ ತಾಲ್ಲೂಕು